ಗಣಕ ಭೌತ-ರಸಾಯನಶಾಸ್ತ್ರದಲ್ಲಿ ಮೊದಲ ಸಂಶೋಧನಾ ಹುದ್ದೆ: ತುಮಕೂರಿನಿಂದ ಹೊರಡುವವರಿಗೆ

ತುಮಕೂರಿನಲ್ಲಿ ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಎಂ.ಎಸ್ಸಿ.ವರೆಗೆ ಓದಿ, ಮುಂದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಂಶೋಧನೆಗೆ ಹೋಗಬೇಕೆಂದು ಕೇಳಿಕೊಂಡು ಬರುವ ವಿದ್ಯಾರ್ಥಿಗಳು ನನಗೆ ಪ್ರತಿ ವರ್ಷವೂ ಸಿಗುತ್ತಾರೆ. ಪಾವಗಡ, ಮಧುಗಿರಿ, ಕೊರಟಗೆರೆ, ಗುಬ್ಬಿ ಕಡೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಓದಿದವರೇ ಅವರಲ್ಲಿ ಹೆಚ್ಚು. “ಮೇಡಂ, ನಮ್ಮ ಯೂನಿವರ್ಸಿಟಿಯಿಂದ ಹೋದವರನ್ನ ಅಲ್ಲಿ ತಗೊಳ್ತಾರಾ?” ಎಂಬುದು ಅವರ ಮೊದಲ ಪ್ರಶ್ನೆ. ತೆಗೆದುಕೊಳ್ಳುತ್ತಾರೆ. ಆದರೆ ಯಾವ ಹುದ್ದೆಗೆ, ಯಾವ ಷರತ್ತಿನ ಮೇಲೆ, ಏನನ್ನು ನೋಡಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವರು ಕಡಿಮೆ. ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಿ, ಕೆಲಕಾಲ ಹೊರದೇಶದಲ್ಲಿ ಪೋಸ್ಟ್‌ಡಾಕ್, ಎಂದರೆ ಪಿಎಚ್.ಡಿ. ನಂತರದ ಸಂಶೋಧಕಿ, ಆಗಿದ್ದು, ಈಗ ಇಲ್ಲಿ ಪಾಠ ಮಾಡುತ್ತಿರುವ ನಾನು ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಈ ಕ್ಷೇತ್ರದಲ್ಲಿ ಮೊದಲ ಹುದ್ದೆಯನ್ನು ತಂದುಕೊಡುವುದು ನೀವೇ ಆರಂಭದಿಂದ ಕೊನೆಯವರೆಗೆ ಮಾಡಿ ಮುಗಿಸಿದ, ಪ್ರತಿಯೊಂದು ಹೆಜ್ಜೆಗೂ ಕಾರಣ ಹೇಳಬಲ್ಲ ಒಂದು ಲೆಕ್ಕ. ಅಂಥ ಲೆಕ್ಕವನ್ನು ತುಮಕೂರಿನಲ್ಲಿ ಕುಳಿತೇ ಮಾಡಲು ಸಾಧ್ಯ.

ಈ ಕ್ಷೇತ್ರವೆಂದರೆ ಏನು ಎಂಬುದನ್ನು ಸ್ವಲ್ಪದರಲ್ಲೇ ಹೇಳುತ್ತೇನೆ. ಪರಮಾಣುಗಳ ಮತ್ತು ಎಲೆಕ್ಟ್ರಾನುಗಳ ನಡವಳಿಕೆಯನ್ನು ನಿಯಂತ್ರಿಸುವ ಸಮೀಕರಣಗಳು ನಮಗೆ ಗೊತ್ತಿವೆ, ಆದರೆ ಹೈಡ್ರೋಜನ್ನಿನಂಥ ಅತಿ ಸರಳ ಸಂದರ್ಭಗಳನ್ನು ಬಿಟ್ಟರೆ ಅವನ್ನು ಕಾಗದದ ಮೇಲೆ ಬಿಡಿಸಲಾಗುವುದಿಲ್ಲ. ಹಾಗಾಗಿ ಸರಿಯಾದ ಅಂದಾಜುಗಳನ್ನು ಕಂಡುಕೊಂಡು ಕಂಪ್ಯೂಟರಿನಿಂದ ಬಿಡಿಸುವುದೇ ಇಲ್ಲಿನ ಕೆಲಸ. 1964ರಲ್ಲಿ ಹೋಹೆನ್‌ಬರ್ಗ್ ಮತ್ತು ಕೋನ್, 1965ರಲ್ಲಿ ಕೋನ್ ಮತ್ತು ಶಾಮ್ ಪ್ರಕಟಿಸಿದ ಎರಡು ಲೇಖನಗಳ ಮೇಲೆ ಇಂದಿನ ಸಾಂದ್ರತಾ ಫಲನ ಸಿದ್ಧಾಂತ, ಎಂದರೆ ಎಲ್ಲರೂ ಡಿಎಫ್‌ಟಿ ಎಂದು ಕರೆಯುವ ವಿಧಾನ, ನಿಂತಿದೆ. ವಾಲ್ಟರ್ ಕೋನ್ ಭೌತವಿಜ್ಞಾನಿಯಾಗಿದ್ದರೂ 1998ರಲ್ಲಿ ಜಾನ್ ಪೋಪಲ್ ಅವರೊಂದಿಗೆ ಅವರಿಗೆ ಬಂದದ್ದು ರಸಾಯನಶಾಸ್ತ್ರದ ನೊಬೆಲ್. ಭೌತಶಾಸ್ತ್ರದ ವಿದ್ಯಾರ್ಥಿ ರಸಾಯನ ವಿಭಾಗಕ್ಕೂ ರಸಾಯನದ ವಿದ್ಯಾರ್ಥಿ ವಸ್ತುವಿಜ್ಞಾನದ ಗುಂಪಿಗೂ ಸಲೀಸಾಗಿ ಹೋಗಬಹುದಾದ ಕ್ಷೇತ್ರಗಳು ಹೆಚ್ಚಿಲ್ಲ. ಇದು ಅಂಥದ್ದರಲ್ಲಿ ಒಂದು. ಆದ್ದರಿಂದ ಜಾಹೀರಾತಿನಲ್ಲಿ ವಿಭಾಗದ ಹೆಸರು ಬೇರೆ ಇದೆಯೆಂದು ಅರ್ಜಿ ಹಾಕದೆ ಬಿಡಬೇಡಿ.

ಅಣುಗಳ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವ ಮಾಲಿಕ್ಯುಲರ್ ಡೈನಮಿಕ್ಸ್ ಈ ಕ್ಷೇತ್ರದ ಇನ್ನೊಂದು ದೊಡ್ಡ ಕವಲು. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಅವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದಾಗ, 1964ರಲ್ಲಿ, ಸಿಡಿಸಿ 3600 ಎಂಬ ಯಂತ್ರದ ಮೇಲೆ 864 ಆರ್ಗಾನ್ ಪರಮಾಣುಗಳ ದ್ರವವನ್ನು ಲೆಕ್ಕದಲ್ಲಿ ಹರಿಸಿ ತೋರಿಸಿದರು. ಆ ಕಾಲದ ಅತಿ ಶಕ್ತಿಶಾಲಿ ಯಂತ್ರಗಳಲ್ಲಿ ಒಂದು ಮಾಡಿದ ಆ ಲೆಕ್ಕವನ್ನು ಇಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಅಣ್ಣನ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡಿ, ರಹಮಾನರ ಲೇಖನದಲ್ಲಿರುವ ನಕ್ಷೆಯ ಪಕ್ಕದಲ್ಲಿ ತನ್ನ ನಕ್ಷೆಯನ್ನಿಟ್ಟು ಹೋಲಿಸುತ್ತಾಳೆ. ಎನ್ಎಂಆರ್ ಯಂತ್ರವಿಲ್ಲದ, ಎಕ್ಸ್-ರೇ ಡಿಫ್ರಾಕ್ಷನ್ನಿಗೆ ಮಾದರಿಯನ್ನು ಹೊರಗೆ ಕಳಿಸಿ ವಾರಗಟ್ಟಲೆ ಕಾಯಬೇಕಾದ ಕಾಲೇಜಿನ ವಿದ್ಯಾರ್ಥಿಗೆ ಇದರ ಬೆಲೆ ಏನೆಂದು ನಾನು ವಿವರಿಸಬೇಕಾಗಿಲ್ಲ.

ಈಗ ಹುದ್ದೆಯ ವಿಷಯ. ಕೊರಟಗೆರೆ ಕಡೆಯ ರೈತರೊಬ್ಬರು ಮಗನ ಜೊತೆ ಬಂದು, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಯಲ್ಲಿ “ಮೇಡಮ್ಮೋರೆ, ಇದು ಕೆಲ್ಸಾನಾ, ಇಲ್ಲಾ ಇನ್ನೂ ಓದೋದಾ?” ಎಂದು ಕೇಳಿದ್ದರು. ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಿಗದೆ ಎಷ್ಟೋ ಮನೆಗಳಲ್ಲಿ ಜಗಳವಾಗುತ್ತದೆ. ಭಾರತದಲ್ಲಿ ಸಂಶೋಧನಾ ವಿದ್ಯಾರ್ಥಿಯ ಸ್ಥಿತಿ ಎರಡರ ನಡುವಿನದು. ಕೈಗೆ ಪ್ರತಿ ತಿಂಗಳು ಹಣ ಬರುತ್ತದೆ, ಆದರೆ ಅದು ಸಂಬಳವಲ್ಲ, ಫೆಲೋಶಿಪ್. ಭವಿಷ್ಯ ನಿಧಿ ಇರುವುದಿಲ್ಲ, ಕೆಲಸದ ಕಾಯಮಾತಿಯ ಮಾತೂ ಇಲ್ಲ. 2023ರ ಜನವರಿ 1ರಿಂದ ಅನ್ವಯವಾಗುವಂತೆ ಕೇಂದ್ರ ಸರ್ಕಾರ ಪರಿಷ್ಕರಿಸಿದ ದರದಂತೆ ಕಿರಿಯ ಸಂಶೋಧನಾ ಫೆಲೋಗೆ, ಎಂದರೆ ಜೆಆರ್‌ಎಫ್‌ಗೆ, ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ಬಳಿಕ ಕೆಲಸದ ಪರಿಶೀಲನೆ ನಡೆದು ಹಿರಿಯ ಫೆಲೋ ಆದಾಗ 42,000 ರೂಪಾಯಿ. ಸಂಸ್ಥೆ ಹಾಸ್ಟೆಲ್ ಕೊಡದಿದ್ದರೆ ನಗರದ ದರ್ಜೆಗೆ ತಕ್ಕಂತೆ ಮನೆ ಬಾಡಿಗೆ ಭತ್ಯೆಯೂ ಸೇರುತ್ತದೆ. ಪಿಎಚ್.ಡಿ. ಮುಗಿದ ಮೇಲಿನ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಇದೇ ಪರಿಷ್ಕರಣೆಯಲ್ಲಿ 58,000ದಿಂದ 67,000 ರೂಪಾಯಿಯವರೆಗೆ ಮೂರು ಹಂತಗಳಿವೆ. ಆ ತಂದೆಗೆ ನಾನು ಹೇಳಿದ್ದು ಇಷ್ಟು: ಹುಡುಗ ಐದು ವರ್ಷ ಮನೆಯಿಂದ ದುಡ್ಡು ಕೇಳುವುದಿಲ್ಲ, ಮಿತವಾಗಿ ಬದುಕಿದರೆ ಸ್ವಲ್ಪ ಕಳಿಸಲೂಬಹುದು, ಆದರೆ ಈ ಐದು ವರ್ಷ ಅವನ ಹೆಸರಿನ ಮೇಲೆ ಸಾಲ ಮಾಡಿ ಮನೆ ಕಟ್ಟುವ ಯೋಚನೆಯನ್ನು ಇಟ್ಟುಕೊಳ್ಳಬೇಡಿ.

ಜೆಆರ್‌ಎಫ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಹುದ್ದೆಗಳಿವೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆದು ಪಡೆದ ಜೆಆರ್‌ಎಫ್ ನಿಮ್ಮ ಸ್ವಂತದ್ದು. ಹಣ ನಿಮ್ಮ ಹೆಸರಿನಲ್ಲಿ ಬರುತ್ತದೆ, ಗೈಡ್‌ಗಳು ನಿಮ್ಮನ್ನು ತೆಗೆದುಕೊಳ್ಳಲು ತಮ್ಮ ಯೋಜನೆಯಿಂದ ಒಂದು ರೂಪಾಯಿಯನ್ನೂ ತೆರಬೇಕಾಗಿಲ್ಲ, ಆದ್ದರಿಂದ ಗುಂಪನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮ್ಮದಾಗಿರುತ್ತದೆ. ಪ್ರಾಧ್ಯಾಪಕರೊಬ್ಬರ ಸಂಶೋಧನಾ ಯೋಜನೆಯ ಹಣದಿಂದ ತುಂಬುವ ಪ್ರಾಜೆಕ್ಟ್ ಜೆಆರ್‌ಎಫ್ ಅಥವಾ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆ ಹಾಗಲ್ಲ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಮೂರು ವರ್ಷದ ಯೋಜನೆಯಲ್ಲಿ ಎರಡು ವರ್ಷ ಕಳೆದ ಮೇಲೆ ಬಂದ ಜಾಹೀರಾತಿಗೆ ನೀವು ಸೇರಿದರೆ ನಿಮಗೆ ಉಳಿದಿರುವುದು ಒಂದೇ ವರ್ಷ. ಆದ್ದರಿಂದ ಸಂದರ್ಶನದ ಕೊನೆಯಲ್ಲಿ “ನಿಮಗೇನಾದರೂ ಕೇಳುವುದಿದೆಯೇ” ಎಂದಾಗ ಸುಮ್ಮನೆ ಕೂರದೆ, ಯೋಜನೆಯ ಅವಧಿ ಎಷ್ಟು ಉಳಿದಿದೆ, ಈ ಹುದ್ದೆಯಲ್ಲಿದ್ದುಕೊಂಡೇ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಲು ಅವಕಾಶವಿದೆಯೇ, ಯೋಜನೆ ಮುಗಿದ ಬಳಿಕ ಸಂಸ್ಥೆಯ ಫೆಲೋಶಿಪ್‌ಗೆ ಬದಲಾಯಿಸಿಕೊಳ್ಳುವ ಪದ್ಧತಿ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಒಳ್ಳೆಯ ಗೈಡ್‌ಗಳು ಇವಕ್ಕೆ ಬೇಸರಿಸುವುದಿಲ್ಲ. ಹಣ ಬಿಡುಗಡೆ ತಡವಾಗಿ ಎರಡು ಮೂರು ತಿಂಗಳ ಫೆಲೋಶಿಪ್ ಒಟ್ಟಿಗೆ ಬರುವುದೂ ಉಂಟು. ಮೊದಲ ತಿಂಗಳುಗಳ ಬಾಡಿಗೆ, ಊಟಕ್ಕೆ ಸ್ವಲ್ಪ ಹಣವನ್ನು ಕೈಯಲ್ಲಿಟ್ಟುಕೊಂಡೇ ಬೆಂಗಳೂರಿಗೋ ಪುಣೆಗೋ ಹೊರಡುವುದು ಕ್ಷೇಮ.

ಪರೀಕ್ಷೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನೆಟ್ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ; ಗೇಟ್ ಅಂಕ ಮೂರು ವರ್ಷ ಊರ್ಜಿತದಲ್ಲಿರುತ್ತದೆ; ಭೌತಶಾಸ್ತ್ರದವರು ಸಂಶೋಧನಾ ಸಂಸ್ಥೆಗಳ ಪ್ರವೇಶಕ್ಕಿರುವ ಜೆಸ್ಟ್ ಪರೀಕ್ಷೆಯನ್ನು ಮರೆಯಬಾರದು. ಜೆಆರ್‌ಎಫ್ ಸಿಗದೆ ಕೇವಲ ಅರ್ಹತೆ ಸಿಕ್ಕಿದರೂ ಅದು ವ್ಯರ್ಥವಲ್ಲ. 2024ರಿಂದ ಯುಜಿಸಿ ತಂದಿರುವ ವ್ಯವಸ್ಥೆಯಲ್ಲಿ ಆ ಅಂಕವನ್ನು ವಿಶ್ವವಿದ್ಯಾನಿಲಯಗಳು ಪಿಎಚ್.ಡಿ. ಪ್ರವೇಶಕ್ಕೆ ಬಳಸಬಹುದು: ಪರೀಕ್ಷೆಗೆ ನೂರಕ್ಕೆ 70, ಸಂದರ್ಶನಕ್ಕೆ 30ರ ತೂಕ, ಮತ್ತು ಆ ಅಂಕಕ್ಕೆ ಒಂದು ವರ್ಷದ ಆಯುಸ್ಸು. ಬಿ.ಎಸ್ಸಿ. ಅಂತಿಮ ವರ್ಷದಲ್ಲಿರುವವರು ಎಂ.ಎಸ್ಸಿ. ಪ್ರವೇಶದ ಜ್ಯಾಮ್ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆ ಅಥವಾ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಒಂದಾಗಿರುವ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ನೇರವಾಗಿ ಪ್ರಯತ್ನಿಸಬಹುದು. ಈ ದಾರಿ ನಮ್ಮ ಪದವಿ ಕಾಲೇಜುಗಳ ಮಕ್ಕಳಿಗೆ ಇದೆಯೆಂಬುದೇ ಬಹುತೇಕ ತಲುಪಿಲ್ಲ ಎಂಬುದು ನನ್ನ ಕೊರಗು.

ಪರೀಕ್ಷೆ ಬಾಗಿಲನ್ನು ತೆರೆಯುತ್ತದೆ. ಒಳಗೆ ಸಂದರ್ಶನದ ಕೋಣೆಯಲ್ಲಿ ಮೇಜಿನ ಆಚೆ ಕುಳಿತವರಿಗೆ ತಿಳಿಯಬೇಕಾಗಿರುವುದು ಬೇರೆ: ಈ ವ್ಯಕ್ತಿ ಕಂಪ್ಯೂಟರ್ ಕೊಟ್ಟ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬುತ್ತಾರೆಯೇ, ಇಲ್ಲವೇ ಅದನ್ನು ಪ್ರಶ್ನಿಸಲು ಬಲ್ಲರೇ? ಸ್ವವಿವರದಲ್ಲಿ ಹತ್ತಾರು ಸಾಫ್ಟ್‌ವೇರ್‌ಗಳ ಹೆಸರು ಬರೆದುಕೊಂಡು ಬರುವವರನ್ನು ಇದೇ ಪ್ರಶ್ನೆ ಕಟ್ಟಿಹಾಕುತ್ತದೆ. ಹಾಗಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲು ಕೊಡುವ ಕೆಲಸ ಸಿಲಿಕಾನ್.

ಸಿಲಿಕಾನ್ ಹರಳಿನ ಅತಿ ಚಿಕ್ಕ ಘಟಕದಲ್ಲಿ ಎರಡೇ ಪರಮಾಣುಗಳಿವೆ. ಕ್ವಾಂಟಮ್ ಎಸ್ಪ್ರೆಸ್ಸೊ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಲಿನಕ್ಸ್ ಇರುವ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡರೆ ಈ ಲೆಕ್ಕ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮುಗಿದದ್ದು ಲೆಕ್ಕ ಮಾತ್ರ. ಕಲಿಕೆ ಅಲ್ಲಿಂದ ಶುರುವಾಗುತ್ತದೆ. ಎಲೆಕ್ಟ್ರಾನಿನ ತರಂಗವನ್ನು ಎಷ್ಟು ಸಣ್ಣ ತರಂಗಗಳ ಮೊತ್ತವಾಗಿ ಬರೆಯಬೇಕೆಂಬುದನ್ನು ನಿರ್ಧರಿಸುವ ಕಟ್‌ಆಫ್ ಶಕ್ತಿಯನ್ನು ಹಂತ ಹಂತವಾಗಿ ಏರಿಸುತ್ತಾ ಹೋಗಬೇಕು, ಒಟ್ಟು ಶಕ್ತಿ ಯಾವಾಗ ಅಲುಗಾಡದೆ ನಿಲ್ಲುತ್ತದೆ ಎಂದು ನೋಡಬೇಕು. ಹಾಗೆಯೇ ಹರಳಿನಲ್ಲಿ ಎಲೆಕ್ಟ್ರಾನಿನ ತರಂಗಗಳನ್ನು ಲೆಕ್ಕ ಹಾಕಲು ಆರಿಸಿಕೊಳ್ಳುವ ಕೆ-ಬಿಂದುಗಳ ಜಾಲವನ್ನು ಒತ್ತಾಗಿಸುತ್ತಾ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಬಳಿಕ ಹರಳಿನ ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಕನಿಷ್ಠ ಶಕ್ತಿ ಎಲ್ಲಿದೆ ಎಂದು ಹುಡುಕಿದರೆ, ಪಿಬಿಇ ಎಂಬ ಜನಪ್ರಿಯ ಅಂದಾಜಿನಲ್ಲಿ ಜಾಲಕದ ಅಳತೆ ಸುಮಾರು 5.47 ಆಂಗ್‌ಸ್ಟ್ರಾಮ್ ಬರುತ್ತದೆ. ಪ್ರಯೋಗದಲ್ಲಿ ಸಿಗುವುದು 5.43. ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ. ವಿದ್ಯಾರ್ಥಿಯ ಮುಖ ಅರಳುತ್ತದೆ. ಅದೇ ಲೆಕ್ಕದಿಂದ ಬ್ಯಾಂಡ್ ಅಂತರವನ್ನು, ಎಂದರೆ ಹರಳಿನಲ್ಲಿ ಎಲೆಕ್ಟ್ರಾನನ್ನು ಹರಿದಾಡುವಂತೆ ಮೇಲಕ್ಕೆತ್ತಲು ಬೇಕಾದ ಶಕ್ತಿಯನ್ನು, ತೆಗೆದರೆ ಸುಮಾರು 0.6 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ, ಪ್ರಯೋಗದ ಬೆಲೆ ಸುಮಾರು 1.1. ಹೆಚ್ಚುಕಡಿಮೆ ಅರ್ಧ!

ಇಲ್ಲಿ ಒಬ್ಬ ವಿದ್ಯಾರ್ಥಿ “ನಾನೇನೋ ತಪ್ಪು ಮಾಡಿದೀನಿ ಮೇಡಂ” ಎಂದು ಲೆಕ್ಕವನ್ನು ಮತ್ತೆ ಮತ್ತೆ ಓಡಿಸುತ್ತಾನೆ, ಇನ್ನೊಬ್ಬಳು ಹೋಗಿ ಓದುತ್ತಾಳೆ. ಓದಿದವಳಿಗೆ ಗೊತ್ತಾಗುತ್ತದೆ: ಈ ಕೊರತೆ ಅವಳದಲ್ಲ, ವಿಧಾನದ್ದು. ಕೋನ್-ಶಾಮ್ ಸಮೀಕರಣದ ಶಕ್ತಿಮಟ್ಟಗಳ ನಡುವಿನ ಅಂತರವೂ ಎಲೆಕ್ಟ್ರಾನ್ ಸೇರಿಸಿ ತೆಗೆದು ಅಳೆಯುವ ನಿಜವಾದ ಅಂತರವೂ ಒಂದೇ ಅಲ್ಲ, ಮತ್ತು ಸರಳ ಅಂದಾಜುಗಳು ಅದನ್ನು ವ್ಯವಸ್ಥಿತವಾಗಿ ಕಡಿಮೆ ತೋರಿಸುತ್ತವೆ. ಹೈಬ್ರಿಡ್ ಫಲನಗಳು, ಜಿಡಬ್ಲ್ಯು ಮೊದಲಾದ ವಿಧಾನಗಳು ಹುಟ್ಟಿಕೊಂಡದ್ದಕ್ಕೆ ಈ ಕೊರತೆಯೂ ಒಂದು ದೊಡ್ಡ ಕಾರಣ. ಪಾವಗಡದ ತಿರುಮಣಿ ಸುತ್ತಲಿನ 2,050 ಮೆಗಾವ್ಯಾಟ್‌ನ ಸೌರ ಪಾರ್ಕನ್ನು ನಮ್ಮ ಮಕ್ಕಳು ಊರಿಗೆ ಹೋಗುವಾಗ ಬರುವಾಗ ನೋಡಿಯೇ ಇರುತ್ತಾರೆ. ಸಿಲಿಕಾನಿನ ಫಲಕವೊಂದು ಬಿಸಿಲಿನ ಯಾವ ಭಾಗವನ್ನು ಹೀರಿಕೊಳ್ಳಬಲ್ಲದು ಎಂಬುದನ್ನು ನಿರ್ಧರಿಸುವುದು ಇದೇ 1.1 ಎಲೆಕ್ಟ್ರಾನ್ ವೋಲ್ಟಿನ ಅಂತರ. ಇದನ್ನು ಅರ್ಧವಾಗಿ ಲೆಕ್ಕ ಹಾಕುವ ವಿಧಾನವನ್ನು ಹೊಸ ಸೌರವಸ್ತುವೊಂದರ ಮೇಲೆ ಪ್ರಯೋಗಿಸಿ, ಬಂದ ಸಂಖ್ಯೆಯನ್ನು ಹಾಗೆಯೇ ಪ್ರಕಟಿಸಿದರೆ ಏನಾದೀತು ಎಂದು ನಾನು ಕೇಳುತ್ತೇನೆ. ಆ ಪ್ರಶ್ನೆಗೆ ಸ್ವತಃ ಉತ್ತರ ಕಂಡುಕೊಂಡ ಹುಡುಗಿಯನ್ನು ಯಾವ ಸಂದರ್ಶನವೂ ಸುಲಭವಾಗಿ ಕೆಡವಲಾರದು.

ಮಾಡಿದ್ದನ್ನು ಬರೆದಿಡುವುದು ಕೆಲಸದ ಅರ್ಧಭಾಗ. ಯಾವ ಆವೃತ್ತಿಯ ತಂತ್ರಾಂಶ, ಪರಮಾಣುವಿನ ಒಳ ಎಲೆಕ್ಟ್ರಾನುಗಳ ಬದಲಿಗೆ ಬಳಸುವ ಸೂಡೊಪೊಟೆನ್ಷಿಯಲ್ ಯಾವುದು, ಯಾವ ಕಟ್‌ಆಫ್, ಇನ್‌ಪುಟ್ ಕಡತ ಯಾವುದು ಎಂಬುದನ್ನೆಲ್ಲ ಸೇರಿಸಿ ನಾಲ್ಕೈದು ಪುಟಗಳ ಟಿಪ್ಪಣಿ ಮಾಡಿ, ಬೇರೆ ಯಾರೇ ಆದರೂ ಅದನ್ನು ಓದಿಕೊಂಡು ಅದೇ ಸಂಖ್ಯೆಯನ್ನು ಪಡೆಯುವಂತಿರಬೇಕು. ಇನ್‌ಪುಟ್ ಕಡತಗಳನ್ನೂ ನಕ್ಷೆ ಬಿಡಿಸುವ ಪೈಥಾನ್ ಸ್ಕ್ರಿಪ್ಟನ್ನೂ ಗಿಟ್‌ಹಬ್‌ನಲ್ಲಿಟ್ಟು ಅದರ ವಿಳಾಸವನ್ನು ಅರ್ಜಿಯಲ್ಲಿ ಕೊಟ್ಟರೆ ಆಯ್ಕೆ ಮಾಡುವವರು ಅದನ್ನು ತೆರೆದು ನೋಡುತ್ತಾರೆ. ಹಣ ಕೊಟ್ಟು ಪ್ರಕಟಿಸುವ, ಹೆಸರೇ ಕೇಳಿರದ ಪತ್ರಿಕೆಯ ಎರಡು ಲೇಖನಗಳಿಗಿಂತ ಇದರ ತೂಕ ಹೆಚ್ಚೆಂದು ನಾನು ಖಚಿತವಾಗಿ ಹೇಳುತ್ತೇನೆ. ಹಣ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ‘ಇಂಟರ್ನ್‌ಶಿಪ್’ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ನಿಷ್ಠುರಳು. ಗಾಸಿಯನ್ ಮತ್ತು ವಾಸ್ಪ್ ಪರವಾನಗಿ ಬೇಕಾದ, ಹಣ ತೆತ್ತು ಪಡೆಯಬೇಕಾದ ತಂತ್ರಾಂಶಗಳು. ಅವುಗಳ ಕದ್ದ ಪ್ರತಿಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಿದಾಡುವುದನ್ನು ನೋಡಿದ್ದೇನೆ. ಅಂಥ ಪ್ರತಿಯಿಂದ ಮಾಡಿದ ಲೆಕ್ಕವನ್ನು ಅರ್ಜಿಯಲ್ಲಿ ತೋರಿಸಬೇಡಿ, ಮಾಡಲೂಬೇಡಿ. ಅಗತ್ಯವೇ ಇಲ್ಲ. ಹರಳುಗಳಿಗೆ ಕ್ವಾಂಟಮ್ ಎಸ್ಪ್ರೆಸ್ಸೊ, ಅಣುಗಳಿಗೆ ಶೈಕ್ಷಣಿಕ ಬಳಕೆಗೆ ಉಚಿತವಾಗಿ ಸಿಗುವ ಆರ್ಕಾ ಅಥವಾ ಮುಕ್ತವಾದ ಪೈಎಸ್‌ಸಿಎಫ್, ಚಲನೆಯ ಅನುಕರಣೆಗೆ ಗ್ರೋಮ್ಯಾಕ್ಸ್ ಮತ್ತು ಲ್ಯಾಂಪ್ಸ್ ಇವೆ. ಎಸ್ಪ್ರೆಸ್ಸೊ ಬೆಳೆದದ್ದು ಇಟಲಿಯ ಟ್ರಿಯೆಸ್ಟೆ ನಗರದ ಸುತ್ತಲಿನ ಸಂಸ್ಥೆಗಳಲ್ಲಿ. ಅಭಿವೃದ್ಧಿಶೀಲ ದೇಶಗಳ ವಿಜ್ಞಾನಿಗಳು ಒಂಟಿಯಾಗಬಾರದೆಂಬ ಉದ್ದೇಶದಿಂದ ಅಬ್ದುಸ್ ಸಲಾಂ ಅವರು 1964ರಲ್ಲಿ ಸ್ಥಾಪಿಸಿದ ಸೈದ್ಧಾಂತಿಕ ಭೌತಶಾಸ್ತ್ರದ ಅಂತರರಾಷ್ಟ್ರೀಯ ಕೇಂದ್ರವಿರುವುದೂ ಅಲ್ಲಿಯೇ. ಅದು ನಡೆಸುವ ಒಂದು ವರ್ಷದ ಡಿಪ್ಲೊಮಾ ಕೋರ್ಸನ್ನು ಎಂ.ಎಸ್ಸಿ. ಮುಗಿಸಿದ ನಮ್ಮವರು ಗಮನಿಸಬೇಕು.

ನಮ್ಮ ಜಿಲ್ಲೆಗಳ ಸಮಸ್ಯೆಗಳಿಂದಲೇ ಪ್ರಶ್ನೆಯೊಂದನ್ನು ಹುಟ್ಟಿಸಿಕೊಳ್ಳಬಹುದೇ? ಹುಟ್ಟಿಸಿಕೊಳ್ಳಬಹುದು, ಎಚ್ಚರಿಕೆಯಿಂದ. ಪಾವಗಡ, ಬಾಗೇಪಲ್ಲಿ ಹಾಗೂ ಕೋಲಾರದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು, ಅದರಿಂದ ಹಲ್ಲಿಗೆ ಕಂದು ಕಲೆ ಬಂದು ಮೂಳೆ ಬಾಗುವುದು ನಮಗೆ ಪಠ್ಯದ ಸಂಗತಿಯಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಮಿತಿ. ಮೂಳೆ ಮತ್ತು ಹಲ್ಲಿನಲ್ಲಿರುವ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದಲ್ಲಿ ಹೈಡ್ರಾಕ್ಸಿಲ್ ಇರುವ ಜಾಗವನ್ನು ಫ್ಲೋರೈಡ್ ಹಿಡಿಯಬಲ್ಲದು. ಈ ಗುಣವನ್ನೇ ಬಳಸಿ ನೀರನ್ನು ಶುದ್ಧೀಕರಿಸುವ ಪ್ರಯತ್ನಗಳಿವೆ. ಆ ಅದಲುಬದಲಿಗೆ ಎಷ್ಟು ಶಕ್ತಿ ಬೇಕು, ಹರಳಿನ ಯಾವ ಮುಖದಲ್ಲಿ ಅದು ಸುಲಭ ಎಂಬುದು ಡಿಎಫ್‌ಟಿಯಿಂದ ಕೇಳಬಹುದಾದ ಅಚ್ಚುಕಟ್ಟಾದ ಪ್ರಶ್ನೆ. ಆದರೆ ಫ್ಲೋರೈಡ್ ಅಯಾನನ್ನು ಸುತ್ತಲಿನ ನೀರಿನ ಅಣುಗಳು ಬಹಳ ಬಿಗಿಯಾಗಿ ಹಿಡಿದಿರುತ್ತವೆ. ನೀರನ್ನು ಬಿಟ್ಟು ನಿರ್ವಾತದಲ್ಲಿ ಲೆಕ್ಕ ಹಾಕಿದರೆ ಯಾವ ಮೇಲ್ಮೈಯಾದರೂ ಫ್ಲೋರೈಡನ್ನು ಅತ್ಯದ್ಭುತವಾಗಿ ಹೀರಿಕೊಳ್ಳುವಂತೆ ಕಾಣುತ್ತದೆ, ಮತ್ತು ಆ ಸಂಖ್ಯೆಯನ್ನು ಹಿಡಿದು ಹಳ್ಳಿಯ ಜನಕ್ಕೆ ಪರಿಹಾರ ಸಿಕ್ಕಿತೆಂದು ಬರೆಯುವುದು ಅನ್ಯಾಯ. ನೀರನ್ನು ಲೆಕ್ಕದೊಳಗೆ ತರುವುದು ಹೇಗೆ ಎಂದು ಯೋಚಿಸತೊಡಗಿದ ಕ್ಷಣದಿಂದ ವಿದ್ಯಾರ್ಥಿಯ ಸಂಶೋಧನೆ ಶುರುವಾಗಿದೆ ಎಂದೇ ನಾನು ಭಾವಿಸುತ್ತೇನೆ.

ಲ್ಯಾಪ್‌ಟಾಪ್ ಸಾಲದಾದಾಗ ದೊಡ್ಡ ಯಂತ್ರ ಬೇಕು, ಆ ದೃಷ್ಟಿಯಿಂದ ನಮ್ಮ ಭೌಗೋಳಿಕ ಸ್ಥಾನ ಒಳ್ಳೆಯದು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ನಿನಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ 3.3 ಪೆಟಾಫ್ಲಾಪ್ ಸಾಮರ್ಥ್ಯದ ಯಂತ್ರ ಬಂತು. ಎಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳು. ಜಕ್ಕೂರಿನ ಕೇಂದ್ರದಲ್ಲಿ ಪರಮ್ ಯುಕ್ತಿ ಇದೆ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಚಿಕ್ಕಬಳ್ಳಾಪುರದವರಿಗೆ ಜಕ್ಕೂರು ಬಳ್ಳಾರಿ ರಸ್ತೆಯಲ್ಲೇ ಸಿಗುತ್ತದೆ. ಈ ಸಂಸ್ಥೆಗಳ ಒಳಗೆ ಮೊದಲ ಸಲ ಕಾಲಿಡಲು ಅತ್ಯುತ್ತಮವಾದ ದಾರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆಗೂಡಿ ಪ್ರತಿ ವರ್ಷ ಇದನ್ನು ನಡೆಸುತ್ತದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಗುಂಪಿನಲ್ಲಿ ಕೆಲಸ ಮಾಡುತ್ತಾರೆ, ಹಣ ಕಟ್ಟುವ ಬದಲು ಪಡೆಯುತ್ತಾರೆ. ಹೀಗೆ ಎರಡು ತಿಂಗಳು ತಮ್ಮ ಜೊತೆ ಕೆಲಸ ಮಾಡಿದವರ ಬಗ್ಗೆ ವಿಜ್ಞಾನಿಯೊಬ್ಬರು ಬರೆದುಕೊಡುವ ಶಿಫಾರಸು ಪತ್ರ, ತರಗತಿಯಲ್ಲಿ ಪಾಠ ಕೇಳಿದ್ದನ್ನಷ್ಟೇ ಬಲ್ಲ ನಮ್ಮಂಥವರ ಪತ್ರಕ್ಕಿಂತ ಬಹಳ ದೂರ ನಡೆಯುತ್ತದೆ.

ಪ್ರಾಧ್ಯಾಪಕರಿಗೆ ನೇರವಾಗಿ ಇಮೇಲ್ ಬರೆಯುವುದರ ಬಗ್ಗೆಯೂ ಒಂದು ಮಾತು. ನೂರು ಜನರಿಗೆ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ. ಐದು ಜನರ ಇತ್ತೀಚಿನ ಒಂದೊಂದು ಲೇಖನವನ್ನು ನಿಜವಾಗಿ ಓದಿ ಐದು ಪತ್ರ ಬರೆಯಿರಿ. ನಾನು ಯಾರು, ನಿಮ್ಮ ಈ ಲೇಖನದಲ್ಲಿ ನನಗೆ ಅರ್ಥವಾದದ್ದು ಏನು, ಅರ್ಥವಾಗದೆ ಉಳಿದದ್ದು ಏನು, ನಾನು ಮಾಡಿ ಮುಗಿಸಿದ ಲೆಕ್ಕ ಇದು, ನನ್ನ ನೆಟ್ ಅಥವಾ ಗೇಟ್ ಫಲಿತಾಂಶ ಇದು: ಒಂದು ಪುಟ ಮೀರಬಾರದು. ಭಾಷೆಯ ಬಗ್ಗೆ ಅಂಜಿಕೆ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದವರ ಇಂಗ್ಲಿಷ್ ಸರಳವಾಗಿರುತ್ತದೆ, ವಿಜ್ಞಾನದ ಪತ್ರಕ್ಕೆ ಸರಳತೆಯೇ ಬೇಕಾದದ್ದು. ಯಾರಿಂದಲೋ ಬರೆಸಿದ ಅಲಂಕಾರದ ಪತ್ರ ಸಂದರ್ಶನದ ಮೊದಲ ಪ್ರಶ್ನೆಗೇ ಬಯಲಾಗುತ್ತದೆ. ಸಂದರ್ಶನದಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಹೇಗೆ ಯೋಚಿಸುತ್ತೀರೆಂದು ಕಪ್ಪು ಹಲಗೆಯ ಮೇಲೆ ತೋರಿಸಿ. ಪೆಟ್ಟಿಗೆಯೊಳಗಿನ ಕಣ, ಸರಳ ಹಾರ್ಮೋನಿಕ್ ಆಂದೋಲಕ, ಬೋಲ್ಟ್ಸ್‌ಮನ್ ವಿತರಣೆ, ಮ್ಯಾಟ್ರಿಕ್ಸಿನ ಐಗನ್ ಮೌಲ್ಯ, ಇಷ್ಟನ್ನು ತಳದಿಂದ ಬಿಡಿಸಿ ಹೇಳುವವರು ನಿರಾಶರಾಗಿ ಹಿಂತಿರುಗುವುದು ಅಪರೂಪ.

ಪಿಎಚ್.ಡಿ. ನಂತರದ ದಾರಿಯನ್ನು ಈಗಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅಲ್ಲಿನ ಗಡಿಯಾರ ಪಿಎಚ್.ಡಿ. ಮುಗಿದ ದಿನದಿಂದಲೋ ನಿಮ್ಮ ವಯಸ್ಸಿನಿಂದಲೋ ಓಡುತ್ತದೆ. ಎಸ್‌ಇಆರ್‌ಬಿ, ಎಂದರೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ನಡೆಸುತ್ತಿದ್ದ ರಾಷ್ಟ್ರೀಯ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ ಈಗ, 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಅಡಿಯಲ್ಲಿದೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್‌ಗೆ ಐದು ವರ್ಷ, ತಿಂಗಳಿಗೆ 1,25,000 ರೂಪಾಯಿ, ಜೊತೆಗೆ ವರ್ಷಕ್ಕೆ 7 ಲಕ್ಷದ ಸಂಶೋಧನಾ ಅನುದಾನ. ಸ್ಪರ್ಧೆಯೂ ಅಷ್ಟೇ ಕಠಿಣ. ಜರ್ಮನಿಯಲ್ಲಿ ಪಿಎಚ್.ಡಿ. ಸ್ಥಾನವೇ ಹಲವು ಕಡೆ ಸಾಮಾಜಿಕ ವಿಮೆ ಸಮೇತದ ಉದ್ಯೋಗ ಒಪ್ಪಂದವಾಗಿರುತ್ತದೆ, ಆದರೆ ಪೂರ್ಣ ವೇತನದ ಅರ್ಧ ಅಥವಾ ಮುಕ್ಕಾಲು ಪಾಲೆಂದು ಒಪ್ಪಂದದಲ್ಲಿ ಬರೆದಿರುವುದು ಸಾಮಾನ್ಯ. ಅದನ್ನು ಓದಿಯೇ ಸಹಿ ಹಾಕಿ. ಯುರೋಪಿನ ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಹುದ್ದೆಗಳಿಗೆ, ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಆತಿಥೇಯ ದೇಶದಲ್ಲಿ ಇದ್ದಿರಬಾರದೆಂಬ ನಿಯಮವಿದೆ. ಇಲ್ಲಿಂದಲೇ ಅರ್ಜಿ ಹಾಕುವ ನಮ್ಮವರಿಗೆ ಇದು ಅನುಕೂಲ.

2024ರ ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಪ್ರೋಟೀನಿನ ರಚನೆಯನ್ನು ಲೆಕ್ಕದಿಂದ ವಿನ್ಯಾಸಗೊಳಿಸಿದ್ದಕ್ಕೆ ಮತ್ತು ಊಹಿಸಿದ್ದಕ್ಕೆ ಬಂದ ಮೇಲೆ, ಯಂತ್ರಕಲಿಕೆ ತಿಳಿದಿರಬೇಕೆಂಬ ಷರತ್ತು ಹಲವು ಜಾಹೀರಾತುಗಳಲ್ಲಿ ಕಾಣುತ್ತಿದೆ. ಪೈಥಾನ್ ಮತ್ತು ಸಂಖ್ಯಾಶಾಸ್ತ್ರ ಕಲಿಯಿರಿ. ಆದರೆ ಯಂತ್ರಕ್ಕೆ ಕಲಿಸಲು ಬಳಸುವ ದತ್ತಾಂಶವೂ ಹೆಚ್ಚಾಗಿ ಡಿಎಫ್‌ಟಿಯಿಂದಲೇ ಬರುವುದರಿಂದ, ಸಿಲಿಕಾನಿನ ಅಂತರ ಏಕೆ ಅರ್ಧವಾಯಿತೆಂದು ತಿಳಿದವರ ಬೆಲೆ ಕಡಿಮೆಯಾಗಿಲ್ಲ.

ಎರಡು ಕಡೆ ಆಯ್ಕೆಯಾಗಿ ಯಾವುದಕ್ಕೆ ಸೇರಲಿ ಎಂದು ಕೇಳಿದವರಿಗೆ, ಸಂಸ್ಥೆಯ ಹೆಸರಿಗಿಂತ ಗೈಡನ್ನು ನೋಡಿ ಎನ್ನುತ್ತೇನೆ. ಆ ಗುಂಪಿನಿಂದ ಈಚೆಗೆ ಪಿಎಚ್.ಡಿ. ಮುಗಿಸಿದವರು ಎಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ, ಅವರ ಮೊದಲ ಲೇಖನದಲ್ಲಿ ಮೊದಲ ಹೆಸರು ಯಾರದ್ದು ಎಂಬುದು ಗುಂಪಿನ ಜಾಲತಾಣದಲ್ಲೇ ಸಿಗುತ್ತದೆ. ಅಲ್ಲಿರುವ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ, ಗೈಡ್ ವಾರಕ್ಕೊಮ್ಮೆಯಾದರೂ ಕೂತು ಮಾತನಾಡುತ್ತಾರೆಯೇ ಎಂದು ಕೇಳಿ. ಹೆಣ್ಣುಮಕ್ಕಳ ಮನೆಯವರು ಮದುವೆಯ ಮಾತೆತ್ತುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ಫೆಲೋಶಿಪ್‌ನಲ್ಲಿ ಹೆರಿಗೆ ರಜೆ ಇದೆ. ಮಧ್ಯೆ ಬಿಟ್ಟುಹೋದವರು ಮರಳಲು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಇದೆ. ದೂರದಿಂದಲೇ ಯಂತ್ರಕ್ಕೆ ಲಾಗಿನ್ ಆಗಿ ಕೆಲಸ ಮಾಡಬಹುದಾದ್ದರಿಂದ ಈ ಕ್ಷೇತ್ರ ಒದ್ದೆ ಪ್ರಯೋಗಾಲಯಕ್ಕಿಂತ ಹೊಂದಿಕೊಳ್ಳುತ್ತದೆ. ಇದನ್ನು ತಂದೆತಾಯಿಗಳ ಎದುರಿಗೆ ಕುಳಿತು ಹೇಳಲು ನಾನು ಯಾವತ್ತೂ ಸಿದ್ಧಳಿದ್ದೇನೆ.

ಕೊನೆಯದಾಗಿ, ಈಗಾಗಲೇ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರಿಗೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ ಅಥವಾ ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಕನಿಷ್ಠ ಅರ್ಹತೆಯಾಗಿದೆ. ಉಪನ್ಯಾಸಕ ಅರ್ಹತೆಗೆ ವಯಸ್ಸಿನ ಮಿತಿಯೂ ಇಲ್ಲ. ಹಾಗೆಂದು ಸಂಶೋಧನೆಯ ಆಸೆಯನ್ನು ಬಿಡಬೇಕಾಗಿಲ್ಲ. ಮೇಲೆ ಹೇಳಿದ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ವಿದ್ಯಾರ್ಥಿಗಳಷ್ಟೇ ಅಲ್ಲ, ಶಿಕ್ಷಕರೂ ಅರ್ಜಿ ಹಾಕಬಹುದು. ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಆ ಎರಡು ತಿಂಗಳನ್ನು ಬಿಡಿಸಿಕೊಳ್ಳುವುದು ಕಷ್ಟವೆಂದು ನನಗೆ ಗೊತ್ತು. ಅರ್ಜಿಯ ಪ್ರಕಟಣೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಬರುವುದರಿಂದ, ಪ್ರಾಂಶುಪಾಲರ ಒಪ್ಪಿಗೆಯನ್ನು ದೀಪಾವಳಿಯ ಹೊತ್ತಿಗೇ ಕೇಳಿಟ್ಟುಕೊಳ್ಳಿ.